ಮಗುಚಿಟ್ಟ ಬಟ್ಟಲು

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೆಕಿಯ ಪಾಲಿಗೆ ಸತ್ತವರೊಬ್ಬರ ಊಟ ಉಣ್ಣುವ ಕೆಲಸ ಬಂತು. ಅಲ್ಲಿಯವರೆಗೆ ಅವಳು ಒಂದು ಕಡೆ ನೆಟ್ಟಗೆ ಕೂತು ಉಂಡವಳೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆ ಈ ಹೆಣ್ಣು ಎಂದು ತಾಯಿ ಹೇಳುತ್ತಿದ್ದದ್ದು ಬೈಗುಳವೋ ಹೆಮ್ಮೆಯೋ ಊರಿನವರಿಗೆ ಕೊನೆಗೂ ತಿಳಿಯಲಿಲ್ಲ. ಗುಡ್ಡದ ಮೇಲಿನ ಆ ಊರಿನಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರೂ ನಾಗಸೆ ಒಡೆಯರ ಬೇಹಿನವರು. ಮಕ್ಕಳು ಮೊದಲು ನಡೆಯುವುದನ್ನು ಕಲಿಯುತ್ತಿದ್ದರು, ಆಮೇಲೆ ಸದ್ದಿಲ್ಲದೆ ನಡೆಯುವುದನ್ನು. ಸೆಕಿ ಒಣ ಎಲೆಯ ಮೇಲೆ ಓಡಿದರೂ ಪಕ್ಕದಲ್ಲಿ ಮಲಗಿದ ನಾಯಿ ಕಿವಿ ಎತ್ತುತ್ತಿರಲಿಲ್ಲ. ಬಾಚಣಿಗೆ ಮಾರುವವಳಾಗಿ, ತಿರುಪೆಯವಳಾಗಿ, ಮೈಮೇಲೆ ದೇವರು ಬರುವವಳಾಗಿ ಮೂರು ಸೀಮೆ ಸುತ್ತಿದ್ದಳು. ಒಂದೇ ಚಾವಣಿಯ ಕೆಳಗೆ ಸಾಲಾಗಿ ಮೂರು ದಿನ ಇದ್ದರೆ ಅವಳಿಗೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಹಿಮ ಮುಚ್ಚಿದ ಕಣಿವೆ ದಾಟಿ ಕೋಟೆಗೆ ಒಂದು ಸುದ್ದಿ ತಂದಿದ್ದಳು. ಬಂದು ಮುಟ್ಟುವ ಹೊತ್ತಿಗೆ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ದೊರೆಗಳು ಬೇಹಿನವರಿಂದ ಸುದ್ದಿ ಕೇಳುತ್ತಾರೆ, ಹೆಸರು ಕೇಳುವುದಿಲ್ಲ. ನಾಗಸೆ ಒಡೆಯರು ಹೆಸರು ಕೇಳಿದರು. ತಮ್ಮ ಮುಂದಿದ್ದ ಬಿಸಿ ಸಾರಿನ ಬಟ್ಟಲನ್ನು ಅವಳ ಕೈಗೆ ಕೊಟ್ಟು, "ಮೊದಲು ಕುಡಿ ಸೆಕಿ, ಆಮೇಲೆ ಹೇಳುವೆಯಂತೆ" ಎಂದರು. ಸುದ್ದಿ ಯುದ್ಧದ್ದು, ಕಾಯುವಂಥದ್ದಲ್ಲ. ಆದರೂ ಅವಳು ಕುಡಿದು ಮುಗಿಸುವವರೆಗೆ ಕಾದರು. ಕಾಲ್ಬೆರಳು ಎರಡು ಹೋದವು, ಸಾರಿನ ರುಚಿ ಉಳಿಯಿತು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಸೆಕಿ ಅದನ್ನು ನಂಬಿ ಬದುಕಿದ ಹುಡುಗಿ.

ಈ ವರ್ಷ ವಸಂತದ ಮೊದಲಲ್ಲಿ, ದಂಡಿನಿಂದ ಮರಳುವ ದಾರಿಯಲ್ಲಿ ಒಡೆಯರಿಗೆ ಜ್ವರ ಬಂದು ಪಲ್ಲಕ್ಕಿಯಲ್ಲೇ ಪ್ರಾಣ ಹೋಯಿತು. ಹೋಗುವ ಮುಂಚೆ ಒಂದು ಮಾತು ಹೇಳಿದ್ದರು: ಮಗನಿಗೀಗ ಹನ್ನೆರಡು, ಅವನಿಗೆ ಹದಿನೈದು ತುಂಬುವವರೆಗೆ ನಾನು ಸತ್ತಿಲ್ಲ. ದೊಡ್ಡವರಿಗೇನು, ಹೇಳಿ ಕಣ್ಣು ಮುಚ್ಚಿದರು. ಬದುಕಿಸಿಡುವ ಪಾಡು ಉಳಿದವರದು. ಗುಡ್ಡದಾಚೆಯ ಕುರೊಹಾಗಿ ದೊರೆಗೆ ಸುದ್ದಿ ಮುಟ್ಟಿದರೆ ಹತ್ತು ದಿನದಲ್ಲಿ ಕೋಟೆ ಬೂದಿಯಾಗುತ್ತಿತ್ತು, ಆ ಮಗನೂ ಉಳಿಯುತ್ತಿರಲಿಲ್ಲ. ಹಾಗಾಗಿ ಒಡೆಯರಿಗೆ ದೀರ್ಘ ಕಾಯಿಲೆ, ಯಾರಿಗೂ ದರ್ಶನವಿಲ್ಲ ಎಂದು ಸಾರಲಾಯಿತು. ನಿಜ ತಿಳಿದವರು ನಾಲ್ಕೇ ಜನ: ಒಡತಿ, ವೈದ್ಯರು, ಕೋಟೆಯ ಪಾರುಪತ್ಯಗಾರ ಹಯಾಮಿ, ಮತ್ತು ಸೆಕಿ.

ಹಯಾಮಿ ಮೊದಲ ದಿನವೇ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. "ನಾವು ನಾಲ್ವರು. ಐದನೆಯವರು ಅಂತ ಯಾರಾದ್ರೂ ಆದ್ರೆ ಅವರ ಹೆಸರು ನನಗೆ ಬೇಡ. ಮತ್ತೆ ನಾಲ್ವರೇ ಆದೆವು ಅನ್ನೋ ಮಾತು ಬೇಕು. ಅರ್ಥ ಆಯ್ತಾ?"

"ಆಯ್ತು ಸ್ವಾಮಿ" ಎಂದು ಸೆಕಿ ಆಣೆ ಇಟ್ಟಿದ್ದಳು.

ಮೇಲಂತಸ್ತಿನ ಕೋಣೆಯ ಮೂಲೆಯಲ್ಲಿ, ಬಾಯಿಗೆ ಅರಗು ಬಳಿದ ದೊಡ್ಡ ಮಣ್ಣಿನ ಹಂಡೆಯೊಳಗೆ ಒಡೆಯರು ಕೂತಿದ್ದರು. ಅದರ ಮುಂದೆ ಕೂತು ಸೆಕಿ ದಿನಕ್ಕೆರಡು ಸಲ ಅವರ ಊಟ ಉಣ್ಣುತ್ತಿದ್ದಳು. ಅವರಂತೆ ಕೆಮ್ಮುತ್ತಿದ್ದಳು. ಅಡುಗೆಮನೆ ಕೆಳಗೇ ಇತ್ತಾದ್ದರಿಂದ, ನಡುವಿಗೆ ಎರಡು ಹೊಳೆಗಲ್ಲು ಕಟ್ಟಿಕೊಂಡು ಒಡೆಯರ ಭಾರದಲ್ಲಿ, ಒಡೆಯರ ಕುಂಟಿನಲ್ಲಿ ಹಲಗೆಯ ಮೇಲೆ ಅತ್ತ ಹನ್ನೊಂದು ಹೆಜ್ಜೆ, ಇತ್ತ ಹನ್ನೊಂದು ಹೆಜ್ಜೆ ಹಾಕುತ್ತಿದ್ದಳು. ಕೇಳಿಸದಂತೆ ನಡೆಯಲು ಹದಿನೈದು ವರ್ಷ ಕಲಿತವಳಿಗೆ ಕೇಳಿಸುವಂತೆ ನಡೆಯುವ ಉದ್ಯೋಗ! ಅವರ ಅಭ್ಯಾಸಗಳನ್ನೆಲ್ಲ ಒಡತಿಯೇ ಹೇಳಿಕೊಟ್ಟಿದ್ದರು. ಉಮೆ ಎಂಬ ಹುಳಿಹಣ್ಣಿನ ಉಪ್ಪಿನಕಾಯಿಯ ಗೊರಟನ್ನು ಹಲ್ಲಲ್ಲಿ ಒಡೆದು ಒಳಗಿನ ಬೀಜ ತಿನ್ನುವುದು, ಗುಬ್ಬಿಗೆಂದು ಒಂದು ತುತ್ತು ಅನ್ನ ಬಿಡುವುದು, ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಬಟ್ಟಲು ಮಗುಚಿಟ್ಟು ಕಳಿಸುವುದು. ಊಟ ಇಟ್ಟು ತರುವ ಮಣೆಯನ್ನು ಖಾಲಿಯಾದ ಮೇಲೆ ಕೆಳಗೆ ಒಯ್ಯುವಾಗ ಅವಳು ಮತ್ತೆ ಸೇವಕಿ ಸೆಕಿ. ಹೊಟ್ಟೆ ಬಿರಿಯುವಂತಿದ್ದರೂ ಅಲ್ಲಿ ಉಳಿದವರ ಜೊತೆ ಕೂತು ತನ್ನ ಪಾಲನ್ನೂ ಉಣ್ಣಬೇಕಿತ್ತು.

"ಕಾಯಿಲೆ ಒಡೆಯರಿಗೆ, ಮೈ ಬರ್ತಿರೋದು ನಿನಗೆ. ಇದ್ಯಾವ ಸೀಮೆ ಔಷಧಿ ಕಣೇ?" ಎಂದು ಅಡುಗೆಯಾಳು ಫುಕು ಅವಳ ಸೊಂಟ ಚಿವುಟುತ್ತಿದ್ದಳು. ಸೆಕಿ ನಗುತ್ತಿದ್ದಳು. ಮೇಲೆ ಹೋಗಿ ಕಿಟಕಿಯ ಸಂದಿಯಿಂದ ಕಣಿವೆಯ ದಾರಿ ನೋಡುವಾಗ ಕಾಲ ಮೀನಖಂಡ ತಾನಾಗಿ ಅದುರುತ್ತಿತ್ತು. ಅತ್ತು ಹಗುರಾಗುವಂತೆಯೂ ಇರಲಿಲ್ಲ. ಒಡೆಯರು ಬದುಕಿರುವಾಗ ಅವರ ಸೇವಕಿಯ ಕಣ್ಣು ಏಕೆ ಕೆಂಪಾಗಬೇಕು? ಹೀಗೆ ಎಂಟು ತಿಂಗಳು ಕಳೆಯಿತು. ಇನ್ನೊಂದು ವಾರದಲ್ಲಿ ಹಿಮ ಬಿದ್ದು ಕಣಿವೆ ಮುಚ್ಚಿದರೆ ಬೇಸಿಗೆಯವರೆಗೆ ಕುರೊಹಾಗಿಯ ಭಯವಿರಲಿಲ್ಲ.

ಆ ವಾರದಲ್ಲೇ ಅದು ನಡೆಯಿತು. ಬೆಳಗಿನ ಮಣೆ ತರಲು ಸೆಕಿ ಕೆಳಗಿಳಿದಾಗ ಮುದಿ ಅಡುಗೆಯವ ಮೊಸುಕೆ ಸೌಟು ಝಳಪಿಸುತ್ತ ಫುಕುವಿನ ಮೇಲೆ ಕೂಗಾಡುತ್ತಿದ್ದ.

"ನಿನ್ನೆ ಸಾರಿಗೆ ಎರಡೆರಡು ಸಲ ಮಿಸೊ ಸುರಿದು ಉಪ್ಪುಪ್ಪು ಮಾಡಿದೀಯಲ್ಲೇ! ಒಡೆಯರು ಬಟ್ಟಲು ಮಗುಚಿಟ್ಟು ಕಳಿಸಿದಾರೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾನ ಹೀಗೆ ಯಾರೂ ಕಳೆದಿರಲಿಲ್ಲ!"

"ನಮಗೇ ಬಾಯಿಗಿಡಕ್ಕೆ ಆಗಲಿಲ್ಲ ತಾತ. ಅವರು ಸುಮ್ಮನಿದ್ದಿದ್ರೇನೇ ಆಶ್ಚರ್ಯ" ಎಂದು ಫುಕು ಮೂಗು ಒರೆಸಿಕೊಂಡಳು.

ಸೆಕಿ ಮೆಟ್ಟಿಲ ಮೇಲೇ ನಿಂತಳು. ನಿನ್ನೆ ಅವಳು ಬಟ್ಟಲು ಮಗುಚಿರಲಿಲ್ಲ. ಸಾರು ಉಪ್ಪಾಗಿತ್ತೆಂಬುದೇ ಅವಳಿಗೆ ತಿಳಿದಿರಲಿಲ್ಲ; ಒಡತಿ ಕರೆಸಿದ್ದರಿಂದ ಆ ರಾತ್ರಿ ಉಳಿದವರ ಜೊತೆ ಉಣ್ಣಲೂ ಕೂತಿರಲಿಲ್ಲ. ಅವಳ ಊರಿಗೆ ಉಪ್ಪು ಕಡಲಿಂದ ಎತ್ತಿನ ಮೇಲೆ ವರ್ಷಕ್ಕೆ ಎರಡೇ ಸಲ ಬರುತ್ತಿತ್ತು. ಉಪ್ಪುಪ್ಪಾದ ಸಾರೆಂದರೆ ಅಲ್ಲಿಯವರಿಗೆ ಹಬ್ಬ. ನಿನ್ನೆ ಯಾಕೋ ತುಂಬ ರುಚಿಯಾಗಿದೆ ಎಂದುಕೊಂಡು ಕೊನೆಯ ಹನಿಯವರೆಗೆ ಕುಡಿದು, ಬಟ್ಟಲನ್ನು ನೆಟ್ಟಗೆ ಇಟ್ಟು, ತಾನೇ ಅದನ್ನು ಮೊಸುಕೆಯ ಕೈಗೆ ಕೊಟ್ಟಿದ್ದಳು. ನೂರು ಅಭ್ಯಾಸ ಕಲಿತರೂ ನಾಲಗೆ ಹುಟ್ಟಿದೂರನ್ನು ಬಿಟ್ಟಿರಲಿಲ್ಲ. ಯಾರೂ ಕೊಡದ ದೂರನ್ನು ಈ ಮುದುಕ ಒಡೆಯರ ಬಾಯಲ್ಲಿ ಇಟ್ಟಿದ್ದಾನೆ ಎಂದರೆ ಮೇಲೆ ಒಡೆಯರಿಲ್ಲವೆಂದು ಇವನಿಗೆ ಗೊತ್ತು.

ಅವಳು ಮಣೆ ಎತ್ತಿಕೊಂಡು ಮೇಲೆ ಹೋದಳು. ಮೊಸುಕೆ ಕೆಟ್ಟವನಲ್ಲ, ಆದರೆ ಬಾಯಿ ಬಿಗಿಯಿಲ್ಲದವನು. ಹಬ್ಬದಲ್ಲಿ ಎರಡು ಬಟ್ಟಲು ಮದ್ಯ ಒಳಗೆ ಹೋದರೆ ಅಡುಗೆಮನೆಯ ಗುಟ್ಟನ್ನೆಲ್ಲ ಹಾಡು ಕಟ್ಟಿ ಹಾಡುತ್ತಿದ್ದ. ಅವನ ಒಂದು ಹಾಡಿಗೆ ಒಡೆಯರ ಮಗನ ತಲೆ ಹೋಗಬಹುದು. ಸೊಂಟಪಟ್ಟಿಯ ಮಡಿಕೆಯಲ್ಲಿ ವಿಷದ ಪುಡಿಯ ಪೊಟ್ಟಣ ಸದಾ ಇರುತ್ತಿತ್ತು. ಒಂದು ಚಿಟಿಕೆ ಸಾಕು, ಮುದುಕನಿಗೆ ಎದೆ ಹಿಡಿಯಿತು ಅನ್ನುತ್ತಾರೆ. ಇದೆಲ್ಲ ನೀರು ಕುಡಿದಷ್ಟು ಸಲೀಸಾಗಿ ತಲೆಗೆ ಬಂತು. ಕಾಲು ಮಾತ್ರ ನಿಲ್ಲಲಿಲ್ಲ. ಹನ್ನೊಂದು ಹೆಜ್ಜೆ ಅತ್ತ, ಹನ್ನೊಂದು ಇತ್ತ, ಮತ್ತೆ ಅತ್ತ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಕಲ್ಲು ಉಜ್ಜಿ ಸೊಂಟದ ಚರ್ಮ ಸುಲಿಯಿತು.

"ಒಡೆಯರಿಗೆ ಇವತ್ತು ಏನೋ ತಳಮಳ ಕಣ್ರೇ. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದಾರೆ" ಎಂದು ಕೆಳಗೆ ಫುಕು ಹೇಳುವುದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಹಯಾಮಿ ಬಾಗಿಲು ಸರಿಸಿಕೊಂಡು ಬಂದರು. "ಕಾಯಿಲೆ ಮನುಷ್ಯ ದಿನಕ್ಕೆ ಒಂದು ಹರದಾರಿ ನಡೀತಾನೇನೇ?"

"ತಪ್ಪಾಯ್ತು ಸ್ವಾಮಿ."

ಅವರು ಅವಳ ಮುಖವನ್ನೇ ನೋಡಿದರು. "ನಾವು ನಾಲ್ವರೇ ತಾನೆ?"

ಸೆಕಿ ತಲೆ ತಗ್ಗಿಸಿದಳು. "ನಾಳೆ ಸಂಜೆ ಹೇಳ್ತೀನಿ."

"ಸಂಜೆ ದಾಟಬಾರದು. ನಿನಗೆ ಆಗದಿದ್ರೆ ನಾನಿದೀನಿ" ಎಂದು ಹಯಾಮಿ ಹಂಡೆಗೆ ಕೈಮುಗಿದು ಹೊರಟುಹೋದರು.

ಮರುದಿನ ಮಧ್ಯಾಹ್ನ ಅಡುಗೆಯವರೆಲ್ಲ ಉಪ್ಪಿನಕಾಯಿಯ ಮೂಲಂಗಿ ತೊಳೆಯಲು ಹೊಳೆಗೆ ಹೋಗಿದ್ದರು. ಮೊಸುಕೆ ಒಬ್ಬನೇ ಒಲೆಯ ಮುಂದೆ ಕೂತು ಅನ್ನದ ಗಂಜಿ ಕುಡಿಯುತ್ತಿದ್ದ. ಸೆಕಿ ತನ್ನದೇ ನಡಿಗೆಯಲ್ಲಿ, ಸದ್ದಿಲ್ಲದೆ, ಅವನ ಬೆನ್ನ ಹಿಂದೆ ಬಂದು ನಿಂತಳು.

"ಕೂತ್ಕೋ ಮಗಳೇ" ಎಂದ ಮೊಸುಕೆ, ತಿರುಗಿಯೂ ನೋಡದೆ. "ನೀನು ಇವತ್ತು ಬರ್ತೀಯ ಅಂತ ಗೊತ್ತಿತ್ತು. ನಿನ್ನೆ ಇಡೀ ದಿನ ತಲೆ ಮೇಲೆ ಓಡಾಡ್ತಿದ್ದೆಯಲ್ಲ."

ಅವಳು ಕೂತಳು. ಪೊಟ್ಟಣ ಕೈಯಲ್ಲಿತ್ತು. ಅವನು ಅದನ್ನು ನೋಡಿದ, ನೋಡಿ ತನ್ನ ಬಟ್ಟಲನ್ನು ಇಬ್ಬರ ನಡುವೆ ಇಟ್ಟ. ಸೆಕಿ ಬಟ್ಟಲನ್ನೇ ನೋಡುತ್ತ ಕೇಳಿದಳು.

"ಉಪ್ಪಿಂದ ಗೊತ್ತಾಯ್ತಾ ತಾತ?"

"ಉಪ್ಪಿಂದ ಅಲ್ಲ. ಮೂರನೇ ದಿನವೇ ಗೊತ್ತಾಯ್ತು. ತಟ್ಟೇಲಿ ಒಡೆದ ಗೊರಟು ಬಂತು."

"ಅವರು ಒಡೆದೇ ತಿಂತಿದ್ರು! ಒಡತಿಯವರೇ ಹೇಳಿದ್ರು."

"ಒಡತಿಗೆ ಏನು ಗೊತ್ತು?" ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ದಂಡಿಗೆ ಹೋಗೋ ಹತ್ತು ದಿನ ಮುಂಚೆ ಅವರ ಕೊನೇ ದವಡೆ ಹಲ್ಲು ಬಿತ್ತು. ಯಾರಿಗೂ ಹೇಳಬೇಡ ಕಣೋ ಮೊಸುಕೆ, ಹಲ್ಲಿಲ್ಲದ ದೊರೆ ಹಿಂದೆ ಯಾವ ದಂಡು ಬರತ್ತೆ ಅಂದ್ರು. ಆಮೇಲೆ ಗೊರಟು ಇಡಿಯಾಗಿ ವಾಪಸ್ ಬರ್ತಿತ್ತು. ಪಾತ್ರೆ ತೊಳೆಯೋರಿಗೆ ತಿಳಿಯದಿರಲಿ ಅಂತ ನಾನೇ ಕಲ್ಲಲ್ಲಿ ಕುಟ್ಟಿ ತಟ್ಟೇಲಿ ಹರಡ್ತಿದ್ದೆ. ದಂಡಿಂದ ಬಂದ ಮೂರನೇ ದಿನ, ನಾನು ಕಲ್ಲು ತಗೊಂಡು ಕೂತಿದೀನಿ, ಗೊರಟು ಆಗಲೇ ಒಡೆದಿದೆ. ಒಳ್ಳೇ ಗಟ್ಟಿ ಹಲ್ಲು ಮಗಳೇ ನಿಂದು."

"ನೀವು ಕುಡಿದ್ರೆ ಹಾಡ್ತೀರಿ" ಎಂದಳು ಸೆಕಿ, ದೂರುವ ಮಗುವಿನಂತೆ.

"ಎಂಟು ತಿಂಗಳಲ್ಲಿ ನಾನು ಕುಡಿದಿದ್ದು ನೋಡಿದೀಯಾ? ಬೇಹಿನವಳಂತೆ, ಬೇಹಿನವಳು!"

ನೋಡಿರಲಿಲ್ಲ. ಕುಯ್ಲಿನ ಹಬ್ಬದಲ್ಲೂ ಅವನು ಹೊಟ್ಟೆನೋವೆಂದು ಮಲಗಿಬಿಟ್ಟಿದ್ದ. ಒಂದು ಸೀಮೆಯ ದಂಡಿನಲ್ಲಿ ಎಷ್ಟು ಕುದುರೆ ಕುಂಟುತ್ತವೆಂದು ಹೇಳಬಲ್ಲ ಸೆಕಿ ಇದನ್ನು ಗಮನಿಸಿರಲಿಲ್ಲ.

"ಗೊತ್ತಾದ ದಿನದಿಂದ ಒಂದು ತಿಂಗಳು ನಿನಗೆ ಏನು ಉಣಿಸಿದೆ, ನೆನಪಿದೆಯಾ?" ಎಂದ ಮೊಸುಕೆ.

ಮರೆಯುವುದು ಹೇಗೆ? ಈರುಳ್ಳಿ ದಂಟು. ಸಾರಿಗೆ ಈರುಳ್ಳಿ, ಗಂಜಿಗೆ ಈರುಳ್ಳಿ, ಮೀನಿನ ಮೇಲೆ ರಾಶಿ ಈರುಳ್ಳಿ. ಮುದುಕನಿಗೆ ಅರಳು ಮರಳು ಎಂದು ಅಡುಗೆಮನೆಯವರು ಆಡಿಕೊಂಡಿದ್ದರು. ಸೆಕಿಯೂ ಮೇಲೆ ಕೂತು ಬೈದುಕೊಂಡಿದ್ದಳು.

"ಅಡುಗೆಯವನು ಅತ್ರೆ ಯಾರು ಸತ್ರು ಅಂತ ಇಡೀ ಕೋಟೆ ಕೇಳತ್ತೆ. ಈರುಳ್ಳಿ ಹೆಚ್ಚೋವಾಗ ಯಾರೂ ಕೇಳಲ್ಲ." ಅವನು ಬಟ್ಟಲನ್ನು ಅವಳ ಕಡೆ ತಳ್ಳಿದ. "ಇಪ್ಪತ್ತಾರು ವರ್ಷ ನನ್ನ ಕೈಯಲ್ಲಿ ಉಂಡೋರು ಕಣಮ್ಮ. ಮಗು ಉಳೀಬೇಕು. ನನ್ನ ಮೇಲೆ ನಂಬಿಕೆ ಬರದಿದ್ರೆ ಹಾಕಿಬಿಡು, ನಾನು ಕುಡೀತೀನಿ. ಆದ್ರೆ ಫುಕುಗೆ ಉಪ್ಪಿನ ಹದ ಯಾರಾದ್ರೂ ಕಲಿಸಿ."

ಸೆಕಿ ಬಟ್ಟಲು ನೋಡಿದಳು. ಹಿಮದಲ್ಲಿ ಬಂದವಳಿಗೆ ಒಡೆಯರು ಕೊಟ್ಟ ಸಾರೂ ಇದೇ ಕೈಯ ಅಡುಗೆ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳು ಪೊಟ್ಟಣವನ್ನು ಕಟ್ಟು ಬಿಚ್ಚದೆ ಒಲೆಗೆ ಎಸೆದಳು. ಮೂಲೆಯಲ್ಲಿದ್ದ ಈರುಳ್ಳಿ ಕಟ್ಟನ್ನೂ ಹೆಚ್ಚುವ ಮಣೆಯನ್ನೂ ತಾನೇ ಎಳೆದುಕೊಂಡು, "ಚಾಕು ಕೊಡಿ ತಾತ" ಎಂದಳು.

ಮೊದಲ ದಂಟಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ತಡೆಯಲಾಗಲಿಲ್ಲ. ಎಂಟು ತಿಂಗಳ ಅಳು ಒಮ್ಮೆಗೇ ನುಗ್ಗಿತು. ಅವಳು ಮೂಗು ಸುರಿಸುತ್ತ, ಬಿಕ್ಕುತ್ತ ಒಂದೇ ಸಮನೆ ಹೆಚ್ಚಿದಳು. ಎದುರಿಗೆ ಕೂತ ಮೊಸುಕೆ ಇನ್ನೊಂದು ಚಾಕು ತೆಗೆದುಕೊಂಡ. ಒಡೆಯರ ಸಾವಿಗೆ ಆ ಕೋಟೆಯಲ್ಲಿ ಇಬ್ಬರು ಜೊತೆಗೆ ಕೂತು ಅತ್ತದ್ದು ಅದೇ ಮೊದಲು.

ಒದ್ದೆ ಮೂಲಂಗಿಯ ಬುಟ್ಟಿ ಹೊತ್ತು ಬಂದ ಫುಕು ಬಾಗಿಲಲ್ಲೇ ನಿಂತಳು. "ಅಯ್ಯೋ ನನ್ನ ಕರ್ಮವೇ, ಮತ್ತೆ ಈರುಳ್ಳಿನಾ!"

ಸಂಜೆ ಹಯಾಮಿ ಬಂದರು. ಅವಳ ಕಣ್ಣು ನೋಡಿದರು, ಕೈಯ ಘಾಟು ಮೂಗಿಗೆ ಬಡಿದು ಮುಖ ಸಿಂಡರಿಸಿದರು. "ಹೇಳು. ಎಷ್ಟು ಜನ?"

"ನಾಲ್ವರೇ ಸ್ವಾಮಿ."

ಒಡೆಯರ ಮನೆತನಕ್ಕೆ ಸೆಕಿ ಹೇಳಿದ ಮೊದಲ ಸುಳ್ಳು ಅದು. ಹಂಡೆಯ ಕಡೆ ನೋಡಲು ಅವಳಿಗೆ ಸ್ವಲ್ಪ ಹೊತ್ತು ಧೈರ್ಯ ಬರಲಿಲ್ಲ. ಹಯಾಮಿ ಹೋದ ಮೇಲೆ ಊಟಕ್ಕೆ ಕೂತಳು. ಸಾರಿನ ಉಪ್ಪು ಹದವಾಗಿತ್ತು, ಅದು ಅವಳ ನಾಲಗೆಗೂ ತಿಳಿಯಿತು. ಆದರೂ ಕೊನೆಯ ಹನಿ ಕುಡಿದು ಬಟ್ಟಲನ್ನು ಮಗುಚಿಟ್ಟಳು. ಮೊಸುಕೆ ಕಟ್ಟಿದ ನಿನ್ನೆಯ ದೂರು ಒಂಟಿಯಾಗಿ ಉಳಿದರೆ ಸುಳ್ಳೆನಿಸೀತಲ್ಲ. ಉಮೆಯ ಗೊರಟನ್ನು ಅವತ್ತು ಒಡೆಯಲಿಲ್ಲ, ಇಡಿಯಾಗಿ ತಟ್ಟೆಯ ಅಂಚಿನಲ್ಲಿಟ್ಟು ಮಣೆಯನ್ನು ಕೆಳಗೆ ಒಯ್ದು ಮೊಸುಕೆಯ ಕೈಗೆ ಕೊಟ್ಟಳು.

ಅವಳು ಮೇಲೆ ಬಂದು ನಡುವಿಗೆ ಕಲ್ಲು ಕಟ್ಟಿಕೊಳ್ಳುವಾಗ, ಕೆಳಗಿನಿಂದ ಮೊಸುಕೆ ಫುಕುವನ್ನು ಬಾಯಿಗೆ ಬಂದಂತೆ ಬೈಯುವುದು ಕೇಳಿಸಿತು. ಬೈಗುಳ ಮುಗಿದ ಮೇಲೆ, ಯಾರೋ ಕಲ್ಲಿನಲ್ಲಿ ಗೊರಟು ಕುಟ್ಟುವ ಸದ್ದು ಬಂತು.