ಅಪ್ಪನ ರುಮಾಲಿನ ಚೀಟಿಗಳು

ಅಂಗಿಗೆ ಎರಡು ಕಿಸೆ ಇದ್ದರೂ ನಮ್ಮಪ್ಪನ ಚೀಟಿಗಳಿಗೆಲ್ಲ ರುಮಾಲೇ ಜಾಗ. ಸಿಂದಗಿ ಸಂತೆಗೆ ಹೊರಟನೆಂದರೆ ಬಸ್ ಟಿಕೀಟಿನ ಬೆನ್ನ ಮೇಲೋ ಹರಿದ ಕ್ಯಾಲೆಂಡರಿನ ಮೇಲೋ ನಾಲ್ಕಕ್ಷರ ಗೀಚಿ ರುಮಾಲಿನ ಸುತ್ತಿನೊಳಗೆ ತುರುಕುತ್ತಿದ್ದ. ಅದರಲ್ಲೂ ಎಂಥ ಶಿಸ್ತು ಅಂತೀರಿ! ಬಲಕ್ಕೆ ಮನೆಯ ಚೀಟಿ: ಒಳ್ಳೆಣ್ಣೆ, ಅವ್ವನ ಕೆಮ್ಮಿನ ಔಷಧ. ಎಡಕ್ಕೆ ಹೊಲದ್ದು. ಹಣೆಯ ಮೇಲಿನ ಸುತ್ತಿನಲ್ಲಿ ಮರೆಯಲೇಬಾರದ್ದು. ಕೆಲಸ ಮುಗಿದ ಚೀಟಿಯಿಂದ ಬೀಡಿ ಹಚ್ಚುತ್ತಿದ್ದ.

“ನಿಮ್ಮ ತಲೀಕಿಂತ ನಿಮ್ಮ ರುಮಾಲ ಶಾಣ್ಯಾ ಐತಿ ನೋಡ್ರಿ,” ಎಂದು ಅವ್ವ ಕಾಡುತ್ತಿದ್ದಳು. ಅಪ್ಪ ನಕ್ಕುಬಿಡುತ್ತಿದ್ದ. ಎದುರಾಡುವ ಗಂಡಸೇ ಅಲ್ಲ ಅವನು. ಮನೆಗೆ ಬಂದವರು ಹಗಲನ್ನು ರಾತ್ರಿ ಎಂದರೂ “ಹೌದ್ರಿ” ಎನ್ನುವವ.

ಅರವತ್ತರ ದಶಕದ ಮಾತು. ನಾನು ವಿಜಾಪುರದಲ್ಲಿ ಶಿಕ್ಷಕಿಯರ ಟ್ರೇನಿಂಗ್ ಓದುತ್ತಿದ್ದೆ, ಸೂಟಿಗೆಂದು ಮನೆಗೆ ಬಂದಿದ್ದೆ. ತಾಳಿಕೋಟೆಯ ಬೀಗರು ನಿಶ್ಚಯಕ್ಕೆಂದು ಬಂದರು. ಹುಡುಗ ನನಗೂ ಒಪ್ಪಿಗೆಯೇ. ಆದರೆ ಅವರಿಗೆ ಆ ಬೇಸಿಗೆಯಲ್ಲೇ ಲಗ್ನವಾಗಬೇಕು, ನನಗೋ ಇನ್ನೊಂದು ವರ್ಷದ ಓದು ಬಾಕಿ. ಬಿಟ್ಟರೆ ಮುಗಿಯಿತು, ಸಾಲಿಯ ಅಕ್ಕೋರಾಗುವ ನನ್ನ ಆಸೆ ಮಣ್ಣುಪಾಲು. ಅಪ್ಪನಿಗೆ ಹೇಳಲು ಬಾಯೇ ಬಂದಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಅವನು ಎಲ್ಲಕ್ಕೂ “ಹೌದ್ರಿ, ಹೌದ್ರಿ” ಅನ್ನುತ್ತ ಕೂತಿದ್ದಾನೆ! ಇವನೆಂಥ ಅಪ್ಪ ಎಂದು ಸಿಟ್ಟಿನಿಂದ ಹಲ್ಲು ಕಡಿದೆ.

ಉಡುಗೊರೆ ಕೊಡುವ ಆಯೇರಿಯ ಹೊತ್ತಾಯಿತು. ಬೀಗರು ಬೀಗರಿಗೆ ಹೊಸ ರುಮಾಲು ಸುತ್ತಿ ಮರ್ಯಾದೆ ಮಾಡುವುದು ನಮ್ಮ ಕಡೆಯ ವಾಡಿಕೆ. ಹುಡುಗನ ತಂದೆ ಹೊಸದನ್ನು ಹಿಡಿದು ಎದ್ದರು. ಅಪ್ಪ ಗಡಿಬಿಡಿಯಲ್ಲಿ ಹಳೆಯದನ್ನು ತೆಗೆದನೋ ಇಲ್ಲವೋ, ಚೀಟಿಗಳೆಲ್ಲ ಜಮಖಾನೆಯ ಮೇಲೆ ಉದುರಿದವು. ಮಂದಿ ಗೊಳ್ಳೆಂದು ನಕ್ಕರು. ಬೋಳುತಲೆಯ ಅಪ್ಪ ಬಗ್ಗಿ ಆಯತೊಡಗಿದ. ಅಷ್ಟರಲ್ಲಿ ಹುಡುಗನ ತಂದೆ ಒಂದನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿಯೇ ಬಿಟ್ಟರು:

“ಮಗಳ ಓದು ಮುಗಿಯೂತನಾ ಲಗ್ನ ಬ್ಯಾಡ ಅಂತ ಹೇಳಬೇಕು. ಅಂಜಬಾರದು.”

ನಗು ನಿಂತಿತು. ಅಪ್ಪ ತಲೆ ಎತ್ತಲಿಲ್ಲ.

“ಅಂಜೂದ್ಯಾಕ್ರಿ ಬೀಗರ? ಹುಡುಗಿ ಹಟ ಹಿಡದಾಳೇನು?” ಹುಡುಗನ ತಂದೆ ಕೇಳಿದರು.

“ಇಲ್ರಿ. ಆಕಿ ಏನೂ ಅಂದಿಲ್ರಿ,” ಎಂದ ಅಪ್ಪ. “ಲಗ್ನದ ಮಾತು ಬಂದಾಗಿಂದ ಅರ್ಧಾ ರೊಟ್ಟಿಗೇ ಎದ್ದಬಿಡತಾಳ್ರಿ.”

ಹುಡುಗನ ತಂದೆ ಹೊಸ ರುಮಾಲನ್ನು ಅಪ್ಪನ ತಲೆಗೆ ಸುತ್ತತೊಡಗಿದರು. “ಬರೂ ವರ್ಷ ಮಾಡೂಣು ತಗೋರಿ. ಮೊದಲ ಆಕಿಗೆ ಹೊಟ್ಟಿತುಂಬ ಉಣ್ಣಾಕ ಹಾಕ್ರಿ.”

ಬಾಗಿಲ ಹಿಂದೆ ನಾನು ಅತ್ತಿದ್ದೇ ಅತ್ತಿದ್ದು.