ಖಾಲಿ ವಾಪಸ್ ಹೋದ ಬಿಂದಿಗೆ

ಬೀದಿ ದೀಪ ಇನ್ನೂ ಆರಿಲ್ಲ. ನೀರು ಸರಬರಾಜು ಆಫೀಸಿನ ಕಾಂಪೌಂಡ್ ಗೋಡೆ ಮುಂದೆ ಸ್ಟೂಲ್ ಹತ್ತಿ ನಿಂತಿದ್ದಾರೆ ಚಾರ್ಟಕ್ಕ. ಹೀರೋ ಎಂಟ್ರಿಗೆ ಹೊಗೆ, ಗಾಳಿ, ಬಿಲ್ಡಪ್ಪು ಎಲ್ಲಾ ಬೇಕು. ಇವರ ಎಂಟ್ರಿಗೆ ಒಂದು ಬ್ರಶ್ಶು, ಒಂದು ಡಬ್ಬ ಬಣ್ಣ ಸಾಕು. ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ ದಿನಾ ಈ ಗೋಡೆ ಮೇಲೆ ಒಂದು ನೀಲಿ ಕಂಬ ಬರೀತಾರೆ. ಬೀದಿಯವರು ಅದನ್ನ ನೋಡ್ಕೊಂಡೇ ನೀರು ಹಿಡೀತಾರೆ.

ನಿನ್ನೆ ಪಂಪು ಕೆಟ್ಟಿದೆ. ಟ್ಯಾಂಕಲ್ಲಿ ಅರ್ಧಕ್ಕಿಂತ ಕಮ್ಮಿ ಇದೆ. ಹಿತಮಿತವಾಗಿ ಬಳಸಿದ್ರೆ ನಾಳೆವರೆಗೆ ಸಾಕು, ಗಾಬರಿಬಿದ್ದು ತುಂಬಿಸ್ಕೊಂಡ್ರೆ ಮಧ್ಯಾಹ್ನಕ್ಕೇ ಖಾಲಿ. ಕಂಬ ಬರಿಯೋಕೆ ಅಕ್ಕನ ಕೈ ತಡೀತಿರೋದು ಅದಕ್ಕೇ.

ಕಳೆದ ಬೇಸಿಗೇಲಿ ಒಂದ್ಸಲ ಹಾಗೇ ಆಗಿತ್ತು. ದಿನದಿನದ ಕಂಬಗಳೆಲ್ಲ ಒಂದೇ ಎತ್ತರ ಕಾಣ್ತವೆ, ವ್ಯತ್ಯಾಸ ಎದ್ದು ಕಾಣ್ಲಿ ಅಂತ ಅಕ್ಕ ಕಂಬದ ಬುಡ ಕತ್ತರಿಸಿ, ಬರೀ ತಲೆಭಾಗ ದೊಡ್ಡದು ಮಾಡಿ ಬರೆದ್ರು. ಬುಡ ಹೋದ ಕಂಬ ಗಿಡ್ಡಗಾಗಿ, ಮುಕ್ಕಾಲು ತುಂಬಿದ್ದ ಟ್ಯಾಂಕು ಗೋಡೆ ಮೇಲೆ ತಳ ಕಂಡಿತು. ಜನ ಚೊಂಬಿಂದ ಡ್ರಮ್ಮಿನ ತನಕ ತುಂಬಿಸಿದ್ರು. ಸಂಜೆಗೆ ಟ್ಯಾಂಕು ನಿಜವಾಗ್ಲೂ ತಳ ಕಂಡಿತು.

"ನಂಬರ್ ಒಂದೂ ತಪ್ಪಿರ್ಲಿಲ್ಲ. ಕಣ್ಣಿಗೆ ಮಾತ್ರ ಸುಳ್ಳು ಹೇಳಿದ್ದೆ" ಅಂತಾರೆ ಅಕ್ಕ. "ಆಮೇಲೆ ಎಷ್ಟೋ ದಿನ ಯಾರೂ ಗೋಡೆ ಕಡೆ ತಿರುಗಿನೂ ನೋಡ್ಲಿಲ್ಲ."

ಆವತ್ತಿಂದ ಕಂಬ ನೆಲದಿಂದ್ಲೇ ಏಳುತ್ತೆ. ಪಕ್ಕದಲ್ಲಿ ತುಂಬಿದ ಟ್ಯಾಂಕಿನ ಅಳತೆಗೆ ಒಂದು ಗೆರೆ ಇರುತ್ತೆ. ಜೊತೆಗೊಂದು ಸೆನ್ಸಾರ್ ಬೋರ್ಡೂ ಇದೆ: ಅಕ್ಕನ ಅತ್ತೆ. ಓದು ಬರಹ ಬಾರದ ಅತ್ತೆ ಹಾಲಿಗೆ ಹೋಗೋದು ಇದೇ ದಾರೀಲಿ. ಅವರಿಗೆ ಒಂದೇ ನೋಟಕ್ಕೆ ಅರ್ಥ ಆದ್ರೆ ಪಾಸು.

ಇವತ್ತು ಅಕ್ಕ ನೀಲಿ ಬಿಟ್ಟು ಕೆಂಪು ಬಳಿದಿದ್ದಾರೆ. ಅತ್ತೆ ಬಂದವರೇ ನಿಂತುಬಿಡ್ತಾರೆ.

"ಏನೇ ಇದು, ಯಾರ ಕೊಲೆ ಆಯ್ತು?"

"ನೀರು ಕಮ್ಮಿ ಇದೆ ಅತ್ತೆ. ಜನಕ್ಕೆ ಎಚ್ಚರ ಇರ್ಲಿ ಅಂತ."

"ನಂಗೆ ಎಚ್ಚರ ಆಗ್ತಿಲ್ಲ ಕಣೇ, ಎದೆ ಹೊಡ್ಕೋತಿದೆ. ಹಾಲು ಚೆಲ್ಲಿ ಈ ಪಾತ್ರೇಲೂ ನೀರು ಹಿಡಿಯೋಣ ಅನ್ಸ್ತಿದೆ."

ಕಳೆದ ಬೇಸಿಗೆ, ಪಾರ್ಟ್ ಟೂ. ಅಕ್ಕ ಒದ್ದೆ ಬಟ್ಟೇಲಿ ಕೆಂಪು ಒರೆಸಿ, ನೀಲಿ ಬಳೀತಾರೆ. ಪಂಪು ನಾಳೆ ರೆಡಿ ಅಂತ ಮೆಕ್ಯಾನಿಕ್ ಖಾತ್ರಿ ಕೊಟ್ಟಿದ್ದಾನೆ. ಹಾಗಾಗಿ ಪಕ್ಕದಲ್ಲಿ ಬಣ್ಣ ತುಂಬದೆ, ಬರೀ ಚುಕ್ಕೆಗಳಲ್ಲೇ ನಾಳೆಗೊಂದು ಎತ್ತರದ ಕಂಬ ಬರೀತಾರೆ.

"ಈಗ ನೋಡಿ ಅತ್ತೆ."

"ಇವತ್ತು ಕಮ್ಮಿ. ನಾಳೆ ಬರುತ್ತೆ. ಬಟ್ಟೆ ನಾಳೆ ಒಗೆದ್ರಾಯ್ತು." ಅತ್ತೆ ಹೊರಟೇಬಿಡ್ತಾರೆ. ಪಾಸು.

ಬೆಳಕಾಗುತ್ತೆ. ಎದುರುಮನೆಯಾಕೆ ಎರಡು ಬಿಂದಿಗೆ ಹಿಡ್ಕೊಂಡು ನಲ್ಲಿ ಹತ್ರ ಬರ್ತಾರೆ. ಗೋಡೆ ನೋಡ್ತಾರೆ. ಒಂದನ್ನ ತುಂಬಿಸಿ, ಇನ್ನೊಂದನ್ನ ಖಾಲಿಯೇ ಒಳಗೆ ತಗೊಂಡು ಹೋಗ್ತಾರೆ.

ಅಕ್ಕ ಬ್ರಶ್ಶು ತೊಳೀತಾ ಗಲ್ಲ ಎತ್ತಿ ಅತ್ತ ತೋರಿಸ್ತಾರೆ. "ಖಾಲಿ ವಾಪಸ್ ಹೋಯ್ತಲ್ಲ, ಆ ಬಿಂದಿಗೆ. ಅದು ನನ್ನ ಕೆಲಸ."