ಚೀನಾದ ನದಿ ಮತ್ತು ಖಾಜಾಬಿಯ ಬಿಂದಿಗೆ

೧೯೪೩ರಲ್ಲಿ ನಾನು ಜಗಳೂರಿನ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಊರ ಶಾಲೆಯಲ್ಲಿ ಕಲಿತ ಅಷ್ಟಿಷ್ಟು ವಿದ್ಯೆಯ ಮೇಲೆ ಕೆಲಸ ಸಿಕ್ಕಿತ್ತು. ಪಾಠ ಹೇಳುವಾಗಲೂ ನೆಲ ನೋಡಿಕೊಂಡೇ ಹೇಳುತ್ತಿದ್ದೆ. ಮಕ್ಕಳು ಏನಾದರೂ ಪ್ರಶ್ನೆ ಕೇಳಿಬಿಟ್ಟಾರು ಎಂಬ ಹೆದರಿಕೆ ಯಾವಾಗಲೂ ಇರುತ್ತಿತ್ತು. ನೀವು ಕೇಳುತ್ತಲೇ ಇರುತ್ತೀರಲ್ಲ, ಅಜ್ಜಿ ಕೆಲಸ ಮಾಡಿದ ದಿನಗಳಲ್ಲಿ ಮರೆಯಲಾಗದ್ದು ಯಾವುದು ಎಂದು. ಇದೇ ಅದು.

ನಮ್ಮ ಶಾಲೆಯ ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿದ್ದರು. ಚೀನಾ ದೇಶದ ಒಂದು ನದಿ. ನಿಂತ ಬೆರಳುಗಳಂತಹ ಗುಡ್ಡಗಳು, ನಡುವೆ ಬಳುಕುವ ನೀರು. ತಿರುವಿನ ಒಳಮೈಯಲ್ಲಿ ಸಾಲಾಗಿ ನಿಂತ ದೋಣಿಗಳು. ಜಗಳೂರಿನ ಮಕ್ಕಳು ಕಂಡದ್ದು ಬಾವಿ ಮತ್ತು ಕೆರೆ. ಅವರ ಪಾಲಿಗೆ ನದಿಯೆಂದರೆ ಚೀನಾದಲ್ಲಿರುವ ಒಂದು ವಸ್ತು. "ನದಿಯು ಎತ್ತರದಿಂದ ತಗ್ಗಿಗೆ ಹರಿಯುತ್ತದೆ" ಎಂದು ರಾಗವಾಗಿ ಒಪ್ಪಿಸುತ್ತಿದ್ದರು. ಒಪ್ಪಿಸಿಕೊಳ್ಳುತ್ತಿದ್ದ ನಾನೂ ನದಿ ನೋಡಿದವಳಲ್ಲ.

ಆ ಚಳಿಗಾಲದಲ್ಲಿ ನ್ಯಾಮತಿಯ ಶಾಲೆಯವರು ಹಾಡು, ಕೋಲಾಟಕ್ಕೆಂದು ನಮ್ಮ ಮಕ್ಕಳನ್ನು ಕರೆದರು. ದಾರಿಯಲ್ಲಿ ಹೊನ್ನಾಳಿ, ಅಲ್ಲಿ ತುಂಗಭದ್ರೆ. ಹನ್ನೆರಡು ಹುಡುಗಿಯರು ಹೊರಟರು. ಅವರಲ್ಲಿ ಅಮೀನಾ ಎಲ್ಲರಿಗಿಂತ ದೊಡ್ಡವಳು. ಪಾತ್ರೆಗೆ ಕಲಾಯಿ ಹಾಕುವವನ ಮಗಳು. ನಾಲ್ಕನೆಯ ತರಗತಿ ಮುಗಿದ ಮೇಲೂ ಅವಳು ಓದಬೇಕೆಂದು ನನ್ನ ಆಸೆ. ಅವಳ ಅಜ್ಜಿ ಖಾಜಾಬಿ ಆಗಲೇ ಹುಡುಗನನ್ನು ನೋಡತೊಡಗಿದ್ದರು.

"ನಾನೂ ಬಸ್ಸಿನಾಗೆ ಬರ್ತೀನಿ ಟೀಚರಮ್ಮ. ಹುಡುಗಿ ನಿಮ್ಮ ಕೈಯಾಗೆ ಹೆಂಗಿರ್ತಾಳೆ ಅಂತ ನೋಡ್ತೀನಿ. ಆಮ್ಯಾಲೆ ಇಸ್ಕೂಲು ಬೇಕೋ ಸಾಕೋ ಹೇಳ್ತೀನಿ" ಎಂದಿದ್ದರು. ಹೀಗಾಗಿ ಆ ಪ್ರಯಾಣ ನನಗೆ ಪರೀಕ್ಷೆಯೇ ಆಯಿತು.

ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ದೊಡ್ಡ ಉರುಳೆಯಂತಹ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಬಸ್ಸು ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಅದು ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನು ಹುಡುಗಿಯರ ತಲೆ ಎಣಿಸುತ್ತಿದ್ದೆ. ಖಾಜಾಬಿ ಕುಡಿಯುವ ನೀರಿನ ತಾಮ್ರದ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಮದುವೆಗೆ ತಾಯಿ ಕೊಟ್ಟ ಬಿಂದಿಗೆ ಅದು. ಅದರಿಂದ ಬೇರೆಯವರು ನೀರು ಬಗ್ಗಿಸಿದರೂ ಅವರಿಗೆ ಸೇರುತ್ತಿರಲಿಲ್ಲ.

ಹೊನ್ನಾಳಿ ತಲುಪುವಾಗ ಹೊತ್ತು ಇಳಿದಿತ್ತು. ಮಕ್ಕಳಿಗೆ ಇಳಿದು ಹೊಳೆ ನೋಡುವ ಆಸೆ, ಡ್ರೈವರ್ ರುದ್ರಣ್ಣನಿಗೆ ಅವಸರ.

"ನ್ಯಾಮತಿ ಸೇರಾಕೆ ಕತ್ತಲಾಗ್ತೈತ್ರೀ. ಹೊಳೆ ಎಲ್ಲಿಗೆ ಹೋಗ್ತೈತೆ? ಬರುವಾಗ ನೋಡಿದ್ರಾಯ್ತು."

"ಹೋಗ್ತೈತಣ್ಣ! ತಗ್ಗಿಗೆ ಹೋಗ್ತೈತೆ, ಪಾಠದಾಗೆ ಐತೆ!" ಎಂದಳು ಪುಟ್ಟ ಗೌರಿ.

ಬಸ್ಸೆಲ್ಲ ನಕ್ಕಿತು. ರುದ್ರಣ್ಣ ಸೋತು, "ಇದ್ದಿಲು ತುಂಬೋತನಕ ಅಷ್ಟೇ, ಹಾರನ್ ಹೊಡೆದ ಕೂಡ್ಲೆ ಬರಬೇಕು" ಎಂದ.

ದಡಕ್ಕೆ ಇಳಿದೆವು. ನೀರು ಬಿಸಿಲಿನಲ್ಲಿ ಹೊಳೆಯುತ್ತ ಸುಮ್ಮನೆ ಹೋಗುತ್ತಲೇ ಇತ್ತು. ಮಕ್ಕಳು ಬಾಯಿಬಿಟ್ಟುಕೊಂಡು ನಿಂತರು. ನನಗಂತೂ ಅದನ್ನು ನೋಡಿ ನೆಮ್ಮದಿಯಾಗಲಿಲ್ಲ. ಯಾವುದರ ಮೇಲೆ ಕಣ್ಣಿಟ್ಟರೂ ಅದು ಅಲ್ಲಿರುತ್ತಿರಲಿಲ್ಲ. ಚಿಕ್ಕವರ ಕೈಗಳನ್ನು ಹಿಡಿದು, ಬಸ್ಸಿನ ಕಡೆಗೆ ಕಿವಿಕೊಟ್ಟು, ಯಾವಾಗ ಹಾರನ್ ಆದೀತೋ ಎಂದು ಕಾಯುತ್ತಿದ್ದೆ.

ನಮ್ಮ ಕಡೆ ಕೆರೆಗೆ ಹೋದ ಹೆಂಗಸರು ಖಾಲಿ ಕೊಡವನ್ನು ನೀರಿನ ಮೇಲೆ ತೇಲಬಿಟ್ಟು ಕೈಕಾಲು ತೊಳೆಯುತ್ತಾರೆ. ಕೊಡ ಅಲ್ಲೇ ತೂಗುತ್ತ ಕಾಯುತ್ತಿರುತ್ತದೆ. ಕೆಸರಿಗಿಟ್ಟರೆ ತಳ ಕೊಳೆಯಾದೀತೆಂದು ಈ ರೂಢಿ. ಖಾಜಾಬಿಯೂ ಬಿಂದಿಗೆಯ ಉಳಿದ ನೀರು ಚೆಲ್ಲಿ, ಅದನ್ನು ಹೊಳೆಯ ಮೇಲೆ ತೇಲಬಿಟ್ಟು, ಬಗ್ಗಿ ಕಾಲು ಉಜ್ಜತೊಡಗಿದರು. ಅರವತ್ತು ವರ್ಷದ ಅಭ್ಯಾಸ. ನಾನು ನೋಡಿದ್ದರೂ ನನಗೂ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

"ಯಾ ಅಲ್ಲಾ! ನನ್ನ ಬಿಂದಿಗೆ!"

ತಿರುಗಿ ನೋಡಿದೆ. ಬಿಂದಿಗೆ ಆಗಲೇ ಹೊಳೆಯ ನಡುವಿಗೆ ಹೋಗಿ, ತಲೆ ಆಡಿಸುತ್ತ ದೂರವಾಗುತ್ತಿತ್ತು. ಆಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನೀರಂಚಿನಲ್ಲಿ ಅಮೀನಾಳ ಓಢಣಿ ಬಿದ್ದಿತ್ತು. ಅಮೀನಾ ಇರಲಿಲ್ಲ.

ಜನ್ಮದಲ್ಲಿ ಕೂಗದಿದ್ದವಳು ಅವತ್ತು ಕೂಗಿದೆ. ಈಜು ಬರುವುದಿಲ್ಲವೆಂಬುದೂ ನೆನಪಾಗದೆ ಮೊಣಕಾಲುದ್ದ ನೀರಿಗೆ ಇಳಿದೆ. ಕಾಲಡಿಯ ಮರಳು ಜಾರುತ್ತಿತ್ತು. ಮೇಲೆ ರುದ್ರಣ್ಣನ ಹಾರನ್ ಬಿಡದೆ ಕೂಗುತ್ತಿತ್ತು. ಖಾಜಾಬಿ ಎದೆ ಬಡಿದುಕೊಳ್ಳುತ್ತ, "ನಿಮ್ಮನ್ನ ನಂಬಿ ಹುಡುಗೀನ ಕರ್ಕೊಂಡು ಬಂದ್ನಲ್ಲ ಟೀಚರಮ್ಮ!" ಎಂದು ಅಳುತ್ತಿದ್ದರು.

ಯಾರೋ ಸೆರಗು ಎಳೆದರು. ಗೌರಿ.

"ಟೀಚರ್, ಅಮೀನಕ್ಕ ನೀರಿಗೆ ಇಳಿದಿಲ್ಲ. ಆ ಕಡೆ ಓಡಿದ್ಲು."

ದಡದ ಗುಂಟ ಎಲ್ಲರೂ ಓಡಿದೆವು. ಜಾಲಿಯ ಮೆಳೆ ದಾಟಿದ ಮೇಲೆ ಹೊಳೆ ಬಾಗುತ್ತದೆ, ಅಲ್ಲೊಂದು ಮರಳ ದಿಬ್ಬ. ಅಮೀನಾ ಏದುಸಿರು ಬಿಡುತ್ತ ನಿಂತಿದ್ದಳು. ಪಕ್ಕದಲ್ಲಿ ಬಿಂದಿಗೆ. ಮೀನು ಹಿಡಿಯುವವನೊಬ್ಬ ತನ್ನ ಹರಿಗೋಲನ್ನು ದಡಕ್ಕೆ ಎಳೆಯುತ್ತಿದ್ದ.

"ಬಿಂದಿಗೆಗಿಂತ ಮೊದ್ಲೇ ಈ ಹುಡುಗಿ ಬಂತ್ರೀ" ಎಂದು ನಕ್ಕ. "'ಈಗ ಬರ್ತೈತೆ, ಹಿಡೀರಿ' ಅಂತ ಕೂಗ್ತು. ಏನು ಬರ್ತೈತೆ ಅಂತ ನೋಡ್ತೀನಿ, ರಾಣಿ ಬಂದಂಗೆ ಬಂತು!"

ಖಾಜಾಬಿ ಮೊಮ್ಮಗಳ ಕೆನ್ನೆಗೆ ಒಂದು ಬಿಟ್ಟರು. ಆ ಕೈಯಿಂದಲೇ ತಬ್ಬಿಕೊಂಡರು. "ಬಿಂದಿಗೆ ಹೋದ್ರೆ ಹೋಗ್ಲಿ! ನೀನು ಹೋಗಿದ್ರೆ ನಿನ್ನಪ್ಪಗೆ ಏನು ಮುಖ ತೋರಿಸ್ಲಿ?"

"ನಾನು ನೀರಿಗೆ ಇಳಿದೇ ಇಲ್ಲ ದಾದಿಮಾ. ಹಿಂದೆ ಹೋದ್ರೆ ಸಿಗಲ್ಲ ಅಂತ ಮುಂದೆ ಹೋದೆ. ತಿರುವಿನಾಗೆ ನೀರು ನಿಧಾನ ಆಗ್ತೈತೆ, ಅದಕ್ಕೇ ದೋಣಿ ಅಲ್ಲಿ ನಿಲ್ಲಿಸಿರ್ತಾರೆ. ಚೀನಾದ ಚಿತ್ರದಾಗೆ ಐತಲ್ಲ."

ನಾನು ದಿನವೂ ಆ ಚಿತ್ರದ ಕೆಳಗೆ ಕೂರುತ್ತಿದ್ದೆ. ಆ ದೋಣಿಗಳು ಅಲ್ಲೇ ಏಕಿವೆ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಅವಳೇ ನೋಡಿ ನೋಡಿ ತಿಳಿದುಕೊಂಡಿದ್ದಳು.

ಆದರೂ ಬಸ್ಸು ಹತ್ತುವಾಗ ಖಾಜಾಬಿ ಹೇಳಿದ್ದು ಒಂದೇ ಮಾತು: "ಸಾಕು ಟೀಚರಮ್ಮ. ಇಸ್ಕೂಲು ಸಾಕು ಇವಳಿಗೆ."

ನ್ಯಾಮತಿಯಲ್ಲಿ ಮಕ್ಕಳು ಏನು ಹಾಡಿದರೋ ನನಗೆ ನೆನಪಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಖಾಜಾಬಿಗೆ ಏನು ಹೇಳಲೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಹೊನ್ನಾಳಿ ಬಂದಾಗ ಯಾರೂ ಇಳಿಯುತ್ತೇವೆ ಎನ್ನಲಿಲ್ಲ. ಖಾಜಾಬಿ ಮಾತ್ರ ಕಿಟಕಿಯಿಂದ ಹೊಳೆಯನ್ನು ಕಣ್ಮರೆಯಾಗುವವರೆಗೂ ನೋಡುತ್ತಿದ್ದರು.

ಊರಿಗೆ ಬಂದು ಶಾಲೆ ಮತ್ತೆ ತೆರೆದ ದಿನ ಅಮೀನಾಳ ಜಾಗ ಖಾಲಿಯಿತ್ತು. ಬಾಗಿಲ ಕಡೆಗೇ ನೋಡುತ್ತ ಪಾಠ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಖಾಜಾಬಿ, ಹಿಂದೆ ಅಮೀನಾ.

"ಎಲ್ಲೈತೆ ನಿಮ್ಮ ಚೀನಾ?"

ತೋರಿಸಿದೆ. ಅವರು ಚಿತ್ರಕ್ಕೆ ಮುಖವಿಟ್ಟು ನೋಡಿದರು. ದೋಣಿಗಳ ಮೇಲೆ ಬೆರಳಿಟ್ಟರು, ನೀರಿನ ಗುಂಟ ಬೆರಳು ನಡೆಸಿದರು. ನದಿ ಗುಡ್ಡದ ಹಿಂದೆ ಮರೆಯಾಗುವ ಕಡೆ ಬೆರಳು ನಿಂತಿತು.

"ಇಲ್ಲಿಂದ ಮುಂದೆ ಏನೈತೆ ಟೀಚರಮ್ಮ?"

ನಾನು ಅಷ್ಟು ದಿನ ಹೆದರಿದ್ದ ಪ್ರಶ್ನೆ ಅದೇ. ತರಗತಿಯೆಲ್ಲ ನನ್ನನ್ನೇ ನೋಡುತ್ತಿತ್ತು. ನೆಲ ನೋಡದೆ, ಅವರ ಮುಖ ನೋಡಿ ಹೇಳಿದೆ: "ನನಗೆ ಗೊತ್ತಿಲ್ಲ ಖಾಜಾಬಮ್ಮ. ನಾನು ಓದಿದ್ದು ಇಷ್ಟೇ."

ಅವರು ಚಿತ್ರದಿಂದ ಬೆರಳು ತೆಗೆದರು. ಆಮೇಲೆ ಮೊಮ್ಮಗಳನ್ನು ತೋಳು ಹಿಡಿದು ಅವಳ ಜಾಗದಲ್ಲಿ ಕೂರಿಸಿದರು.

"ಹಂಗಾದ್ರೆ ಇವಳು ಓದಿ ಹೇಳ್ಲಿ."

ಮುಂದೆ ಇಪ್ಪತ್ತೆಂಟು ವರ್ಷ ಪಾಠ ಹೇಳಿದೆ. ಮಕ್ಕಳು ಪ್ರಶ್ನೆ ಕೇಳಿದಾಗ ಆಮೇಲೆಂದೂ ಹೆದರಲಿಲ್ಲ. ಗೊತ್ತಿದ್ದರೆ ಹೇಳಿದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೆ, ನೀನೇ ಹೋಗಿ ನೋಡು ಎಂದೆ. ಮೇಷ್ಟರ ಕೆಲಸದಲ್ಲಿ ನಾನು ಕಲಿತದ್ದು ಇದಿಷ್ಟೇ, ಮಕ್ಕಳೇ. ನನಗೆ ಕಂಡಷ್ಟಕ್ಕೇ ಹೊಳೆ ಮುಗಿಯುವುದಿಲ್ಲ.